ಒಂದು ಮಗು ಕಡಿಮೆ ಬಿದ್ದ ಶಾಲೆ

ಹೋದ ಬೇಸಿಗೆಯಲ್ಲಿ ಮೊಮ್ಮಗಳು ಮುಕ್ತಾ ಜರ್ಮನಿಯ ಡಾರ್ಮ್‌ಸ್ಟಾಟ್‌ನಿಂದ ತಾನೇ ಕಾರು ಓಡಿಸಿಕೊಂಡು ನನ್ನನ್ನು ಆ ಊರಿಗೆ ಕರೆದೊಯ್ದಳು. ನಾನು ಬೇಡ ಅಂದಿದ್ದೆ. ಯಾರೋ ಸತ್ತು ಇಪ್ಪತ್ತು ವರ್ಷವಾದ ಮೇಲೆ ಅವರ ಮನೆಗೆ ಮಾತಾಡಿಸಲು ಹೋದ ಹಾಗಾಗುತ್ತದೆ ಅಂತ. ಅವಳು ಕೇಳಲಿಲ್ಲ. ಅಳಿಯ ಮಹಾಂತೇಶನನ್ನೂ ಕರೆದೆವು. ಸೊಂಟ ನೋವು ಅಂದ, ಬರಲಿಲ್ಲ.

ಯೇನಾ ಪಟ್ಟಣ ದಾಟಿ, ಸುಣ್ಣದ ಕಲ್ಲಿನ ಗುಡ್ಡಗಳ ಸಂದಿಯಲ್ಲಿ ಹೋದರೆ ಆ ಊರು ಸಿಗುತ್ತದೆ. ಹೆಸರು ಬರೆಯುವುದಿಲ್ಲ, ಅಲ್ಲಿನವರು ಇನ್ನೂ ಇದ್ದಾರೆ. ಶಾಲೆಯಾಗಿದ್ದ ಕಟ್ಟಡಕ್ಕೆ ಈಗ ಹಳದಿ ಬಣ್ಣ ಬಳಿದು, ಕಿಟಕಿಗೆ ಪರದೆ ಹಾಕಿ, ರಜೆಗೆ ಬರುವವರಿಗೆ ಬಾಡಿಗೆ ಕೊಡುತ್ತಾರೆ. ಬಾಗಿಲು ತೆರೆದಿತ್ತು. ಹೊಸ್ತಿಲು ದಾಟುವ ಮೊದಲೇ ಮರದ ಮೆಟ್ಟಿಲಿಗೆ ತಿಕ್ಕುವ ಮೇಣದ ವಾಸನೆ ಬಂತು. ನನಗೆ ಓದು ಕಡಿಮೆ, ಮೂಗು ಚುರುಕು. ಅದೇ ಮೇಣ.

"ಮ್ಯಾಲೆ ಹೋಗೂಣೇನ್ ಆಯಿ?" ಅಂದಳು ಮುಕ್ತಾ.

ಒಲ್ಲೆ ಅಂದೆ. ಮೊಣಕಾಲು ನೋವು ಅಂತ ನೆವ ಹೇಳಲಿಲ್ಲ. ಒಲ್ಲೆ ಅಂದೆ, ಅಷ್ಟೆ. ಹೊರಗೆ ಬಂದು ಗೋಡೆಯ ಕಟ್ಟೆಯ ಮೇಲೆ ಕೂತೆ. ಆ ಮೂರು ತಿಂಗಳು ಒಂದೊಂದಾಗಿ ಎದುರಿಗೆ ಬಂದು ನಿಂತವು.

ಅದು ಜರ್ಮನಿಯವರು ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಅಂತ ಕಂಪ್ಯೂಟರ್ ಓದಿದ ನಮ್ಮ ಮಕ್ಕಳನ್ನು ಕರೆದ ಕಾಲ. ನಮ್ಮ ಮನೆಯಲ್ಲಿ ಕರೆ ಬಂದದ್ದು ಮಗಳು ಸುನಂದಾಗೆ. ಯೇನಾದಲ್ಲಿ ಮಸೂರ ತಿಕ್ಕುವ ಯಂತ್ರಗಳಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆದುಕೊಡುವ ಒಂದು ಚಿಕ್ಕ ಕಂಪನಿ. ಮಹಾಂತೇಶ ನನ್ನ ತಮ್ಮನ ಮಗನೇ. ಬೆಳಗಾವಿಯ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ. ಅದನ್ನು ಬಿಟ್ಟು ಹೆಂಡತಿಯ ಬೆನ್ನು ಹತ್ತಿ ಹೋದ. ಹೋದ ಮೇಲೆ ತಿಳಿಯಿತು, ಗಂಡ ಅಂತ ಬಂದವನಿಗೆ ಇರಲು ಪರವಾನಗಿ ಉಂಟು, ಕೆಲಸ ಮಾಡಲು ಸದ್ಯಕ್ಕೆ ಇಲ್ಲ. ಹೆಂಡತಿ ಬಸ್ಸು ಹತ್ತಿ ಆಫೀಸಿಗೆ, ಗಂಡ ಮನೆಯಲ್ಲಿ ಬೋಗುಣಿ ತಿಕ್ಕಿಕೊಂಡು. ಊರಲ್ಲಿ ಯಾರಿಗೂ ಇದನ್ನು ಹೇಳಬೇಡ ಅಂತ ನನಗೆ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದ. ಪಟ್ಟಣದಲ್ಲಿ ಮನೆ ಸಿಗಲಿಲ್ಲ ಅಂತ ಹಳ್ಳಿಯಲ್ಲಿ, ಮುಚ್ಚಿಹೋದ ಒಂದು ದಿನಸಿ ಅಂಗಡಿಯ ಅಟ್ಟದ ಮೇಲಿದ್ದರು. ಅವರ ಎರಡನೇ ಚಳಿಗಾಲ ಮುಗಿಯುವ ಹೊತ್ತಿಗೆ ಮೂರು ತಿಂಗಳ ವೀಸಾದ ಮೇಲೆ ನಾನು ಹೋದೆ.

ಊರೆಲ್ಲ ಕಂದು ಕಲ್ಲಿದ್ದಲಿನ ಹೊಗೆ. ಹೊಲಗಳಲ್ಲಿ ಇನ್ನೂ ಏನೂ ಹುಟ್ಟಿರಲಿಲ್ಲ. ಹಗಲಲ್ಲಿ ರಸ್ತೆಯ ಮೇಲೆ ಮುದುಕರು, ಇಲ್ಲವೆ ನಾಯಿ ಹಿಡಿದ ಮುದುಕರು. ಮಕ್ಕಳೇ ಕಾಣುವುದಿಲ್ಲ. ನಾನು ಮೊದಲ ದಿನವೇ ಕೇಳಿದೆ, "ಈ ಊರಾಗ ಯಾರೂ ಹಡಿಯೂದಿಲ್ಲೇನು?"

ಮಹಾಂತೇಶ ನಕ್ಕ. ಆಮೇಲೆ ಹೇಳಿದ. ಈ ದೇಶದ ನಡುವೆ ಒಂದು ಗೋಡೆ ಇತ್ತಂತೆ, ಬಿತ್ತಂತೆ. ಬಿದ್ದ ಮೇಲೆ ಈ ಕಡೆಯ ಫ್ಯಾಕ್ಟರಿಗಳು ಮುಚ್ಚಿದವು, ಪ್ರಾಯದವರು ಆ ಕಡೆಗೆ ಹೋದರು, ಉಳಿದ ಹೆಂಗಸರು ಹಡೆಯುವುದನ್ನು ಬಿಟ್ಟರು. ನಾಳೆಯ ಗ್ಯಾರಂಟಿ ಇಲ್ಲದಾಗ ಯಾರು ಹಡೆಯುತ್ತಾರೆ. ಹಾಗೆ ಹುಟ್ಟದೇ ಹೋದ ಮಕ್ಕಳು ಆರೇಳು ವರ್ಷ ಕಳೆದ ಮೇಲೆ ಶಾಲೆಗೆ ಬರಲಿಲ್ಲ. ಸುತ್ತಲಿನ ಹಳ್ಳಿಗಳ ಶಾಲೆಗಳು ಒಂದರ ಹಿಂದೊಂದು ಮುಚ್ಚಿದ್ದವು. ಇದೊಂದು ಉಳಿದಿತ್ತು.

ಶಾಲೆ ಮೂರು ಊರಿಗೆ ಸೇರಿದ್ದು. ಕೆಳಗೆ ಬಾಲವಾಡಿ, ಮೇಲೆ ನಾಲ್ಕನೇ ಇಯತ್ತೆಯವರೆಗೆ ಶಾಲೆ. ಮಾಸ್ತರರ ಪಗಾರ ರಾಜ್ಯದ್ದು, ಕಟ್ಟಡ ಮತ್ತು ಕಲ್ಲಿದ್ದಲು ಮೂರು ಊರಿನದು, ಬಸ್ಸು ಜಿಲ್ಲೆಯದು. ಒಂದೂರಿಗೆ ಶಾಲೆ ಕೊಟ್ಟಿದ್ದರು, ಇನ್ನೊಂದೂರಿಗೆ ಮಕ್ಕಳು ಆಡುವ ದೊಡ್ಡ ಹಾಲ್. ಮೂರನೆಯ ಊರಿಗೆ ಕೊಡಲು ಏನೂ ಇರಲಿಲ್ಲ, ಅದಕ್ಕೆ ಆ ಊರಿನ ಚೇರ್ಮನ್ನನನ್ನೇ ಶಾಲೆಯ ಸಂಘಕ್ಕೆ ಹಿರಿಯನನ್ನಾಗಿ ಮಾಡಿದ್ದರು. ಇದು ನನಗೆ ಸರಿ ಅನ್ನಿಸಿತು. ಆತನ ಹೆಸರು ಹೆರ್ ಕೆಸ್ಲರ್; ಅಲ್ಲಿ ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರಾವ್ ಅಂತ ಹಚ್ಚಿ ಕರೆಯುತ್ತಾರೆ. ಉದ್ಯೋಗ ಮನೆಗಳಿಗೆ ಹೆಂಚು ಹೊದಿಸುವುದು. ಸಭೆಗೂ ಆ ಡಾಂಬರು ಮೆತ್ತಿದ ಪ್ಯಾಂಟಿನಲ್ಲೇ ಬರುತ್ತಿದ್ದ. ನಮ್ಮೂರ ಶಾಲೆಯ ಕಮಿಟಿಯಲ್ಲಿ ಚೇರ್ಮನ್ನನ ಅಂಗಿಯ ಇಸ್ತ್ರಿ ಮುರಿಯುವುದಿಲ್ಲ, ಶಾಲೆಯ ಮಾಡು ಮಾತ್ರ ಮುರಿದಿರುತ್ತದೆ.

ಶಾಲೆಯ ದೊಡ್ಡ ಅಕ್ಕಾರು, ಅಂದರೆ ಹೆಡ್‌ಮಿಸ್ಟ್ರೆಸ್ಸು, ಫ್ರಾವ್ ಲೋರೆನ್ಸ್. ಅರವತ್ತರ ಹತ್ತಿರ, ಗಂಡಸರ ಕೈಗಡಿಯಾರ, ಕತ್ತರಿಸಿದ ಬಿಳಿಗೂದಲು. ಒಂದೇ ಕೋಣೆಯಲ್ಲಿ ಎರಡು ಇಯತ್ತೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಕೆಸ್ಲರ್ ಕೂಡ ಅವಳ ಹತ್ತಿರವೇ ಕಲಿತವನು. ಅವಳೆದುರು ಟೊಪ್ಪಿಗೆ ತೆಗೆದು ನಿಲ್ಲುತ್ತಿದ್ದ. ಅಡುಗೆ, ಕಸ, ಒಲೆ, ಮೆಟ್ಟಿಲಿಗೆ ಮೇಣ ಎಲ್ಲ ಫ್ರಾವ್ ಹೈನ್ ಎಂಬವಳದು. ಮಹಾಂತೇಶನಿಗೆ ನಾಲ್ಕು ಮಾತು ಜರ್ಮನ್ ಕಲಿಸಿದವಳು ಅವಳೇ. ಬೆಳಿಗ್ಗೆ ಮಗುವನ್ನು ಬಿಡಲು ಹೋದವನು ಅವಳ ಅಡುಗೆಮನೆಯಲ್ಲಿ ಬಟಾಟೆ ಸುಲಿಯುತ್ತ ಕೂತುಬಿಡುತ್ತಿದ್ದ. ಆ ದೇಶದಲ್ಲಿ ಅವನನ್ನು ಒಂದು ಕೆಲಸದ ಮನುಷ್ಯನೆಂದು ಕಂಡವಳು ಅವಳೊಬ್ಬಳೇ.

ಮುಕ್ತಾಗೆ ಆಗ ಆರು ವರ್ಷ ತುಂಬಿತ್ತು. ಬಂದ ಮೊದಲ ವರ್ಷ ಬಾಲವಾಡಿಯಲ್ಲಿ ಅವಳು ಬಾಯಿಯೇ ಬಿಟ್ಟಿರಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಮುಚ್ಚುತ್ತಿರಲಿಲ್ಲ. ಯಾಕೆ ಅನ್ನುವುದಕ್ಕೆ 'ವಾರೂಮ್' ಅಂತ ಅವರ ಮಾತು; ಎದ್ದರೆ ವಾರೂಮ್, ಕೂತರೆ ವಾರೂಮ್. "ಆಯಿ, ನಿನಗ ಹಲ್ಲ್ ಇಲ್ಲ, ವಾರೂಮ್?" ಮಳೆ ನಿಂತ ಮೇಲೆ ಅವಳು ಆ ಶಾಲೆಯ ಒಂದನೇ ಇಯತ್ತೆಗೆ ಕೂರಬೇಕಿತ್ತು. ಹೀಗೆ ಬರೆದ ಮೇಲೆ ಹೊಳೆಯಿತು, ಅಲ್ಲಿ ಮಳೆ ನಿಲ್ಲುವುದಿಲ್ಲ. ಬೇಸಿಗೆ ರಜೆಯ ಮೇಲೆ ಅನ್ನಬೇಕು.

ಒಂದನೇ ಇಯತ್ತೆ ತೆರೆಯಬೇಕಾದರೆ ಇಂತಿಷ್ಟು ಮಕ್ಕಳು ಬೇಕು ಅಂತ ಶೂಲಾಮ್ಟ್‌ನ ನಿಯಮ. ಶೂಲಾಮ್ಟ್ ಅಂದರೆ ನಮ್ಮ ಬಿಇಓ ಆಫೀಸು ಇದ್ದ ಹಾಗೆ. ಒಂದನೇ ಇಯತ್ತೆ ತೆರೆಯದಿದ್ದರೆ ಶಾಲೆಯೇ ಬಂದ್. ಮೂರು ಊರನ್ನು ಗೋರಿ ಗೋರಿ ಲೆಕ್ಕ ಹಾಕಿದರೂ ಒಂದು ಮಗು ಕಡಿಮೆ ಬೀಳುತ್ತಿತ್ತು. ಮುಕ್ತಾಳನ್ನು ಸೇರಿಸಿದರೆ ಸರಿ ಹೊಂದುತ್ತಿತ್ತು.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಫ್ರಾವ್ ಲೋರೆನ್ಸ್ ಮತ್ತು ಕೆಸ್ಲರ್ ನಮ್ಮ ಮನೆಗೆ ಬಂದರು. ಬರುತ್ತೇವೆ ಅಂತ ಮೊದಲೇ ಹೇಳಿ ಕಳಿಸಿದ್ದರು. ಸುನಂದಾ ಇರಲಿಲ್ಲ, ಶನಿವಾರವೂ ಆಫೀಸು ಅಂತ ನನಗೆ ಹೇಳಿ ಹೋಗಿದ್ದಳು. ನಾನು ಚಹಾ ಕಾಸಿ, ಊರಿನಿಂದ ಒಯ್ದಿದ್ದ ಅವಲಕ್ಕಿ ಚೂಡಾ, ಶೇಂಗಾ ಉಂಡಿ ಇಟ್ಟೆ. ಕೆಸ್ಲರ್ ಚೂಡಾದೊಳಗಿನ ಕರಿದ ಮೆಣಸಿನಕಾಯಿ ಅಗಿದ. ಕಿವಿ ಕೆಂಪಾದವು, ಆದರೂ ತಟ್ಟೆ ಖಾಲಿ ಮಾಡಿದ. ಲೋರೆನ್ಸ್ ಅಕ್ಕಾರು ಕಪ್ಪು ಕೆಳಗಿಟ್ಟು ಮಹಾಂತೇಶನ ಮುಖ ನೋಡಿ ಏನೋ ಕೇಳಿದರು. ಒಂದೇ ಮಾತು, ನಿಧಾನವಾಗಿ. ಅವನು ಗೋಣು ಹಾಕಿ "ಯಾ, ಯಾ" ಅಂದ. ಅವರು ಇನ್ನೊಮ್ಮೆ ಕೇಳಿದರು. ಅವನು ಇನ್ನೂ ಜೋರಾಗಿ ಗೋಣು ಹಾಕಿದ, ನಕ್ಕ, ಎದೆಯ ಮೇಲೆ ಕೈ ಇಟ್ಟುಕೊಂಡ. ಇಬ್ಬರೂ ಎದ್ದು ಅವನ ಕೈ ಕುಲುಕಿದರು, ನನ್ನ ಕೈಯನ್ನೂ ಕುಲುಕಿದರು.

"ಏನ್ ಕೇಳಿದ್ರೋ?" ಅಂದೆ ಅವರು ಹೋದ ಮೇಲೆ.

"ಮುಕ್ತಾನ್ನ ಇಲ್ಲೇ ಶಾಲಿಗೆ ಹಾಕ್ತೀರಲ್ಲ ಅಂತ. ಹಾಕ್ತೀವಿ ಅಂದೆ."

ಒಳ್ಳೆಯದೇ ಆಯಿತು ಅಂದುಕೊಂಡೆ.

ಮುಂದಿನ ವಾರ ಶಾಲೆಯಲ್ಲಿ ಮೂರೂ ಊರಿನ ಸಭೆ. ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು. ನನಗೆ ಮನೆಯಲ್ಲಿ ಕೂತು ಬೇಸರವಾಗಿತ್ತು, ಮಹಾಂತೇಶನ ಜತೆ ಹೋದೆ. ಅವರ ಸಭೆ ಹೀಗೆ: ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡುವುದಿಲ್ಲ. ಮೊದಲು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾರೆ. ಜಗಳವಾಡಬೇಕಿದ್ದರೂ ಸರದಿ ಕಾಯುತ್ತಾರೆ. ಅಷ್ಟರಲ್ಲಿ ಜಗಳ ಆರಿರುತ್ತದೆ. ನಡುವೆ ಕೆಸ್ಲರ್ ಏನೋ ಹೇಳುತ್ತ ನಮ್ಮ ಕಡೆ ಕೈ ತೋರಿಸಿದ. ಇಡೀ ಸಭೆ ಹಿಂದೆ ತಿರುಗಿ ನಮ್ಮನ್ನು ನೋಡಿತು. ಕೆಲವರು ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದರು, ಅದು ಅವರ ಚಪ್ಪಾಳೆ. ಪಕ್ಕದಲ್ಲಿದ್ದ ಫ್ರಾವ್ ಹೈನ್ ಮಹಾಂತೇಶನ ಭುಜ ಒತ್ತಿದಳು. ಆಮೇಲೆ ಕೈಗಳು ಎದ್ದವು. ಎಲ್ಲ ಕೈಗಳೂ.

"ಯಾತಕ್ಕ ಕೈ ಎತ್ತಿದ್ರು?" ಅಂತ ಕೇಳಿದೆ.

"ಏನಿಲ್ಲ ಅತ್ತಿ, ರಸ್ತೆ ವಿಷಯ."

ಅವನ ಹಣೆ ಬೆವೆತಿತ್ತು. ಆ ಕೋಣೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಎರಡು ವಾರ ಹೋಯಿತು. ಹೊಲಗಳಲ್ಲಿ ಸಾಸಿವೆಯಂಥದ್ದೇನೋ ಬೆಳೆ ಹಳದಿ ಹೂಬಿಟ್ಟು ಗುಡ್ಡದ ಬುಡದವರೆಗೆ ಹಾಸಿತು. ಒಂದು ಭಾನುವಾರ ಬೆಳಿಗ್ಗೆ ನಾನು ಮುಕ್ತಾಳ ತಲೆಗೆ ಎಣ್ಣೆ ಹಚ್ಚಿ ಹೆಣೆಯುತ್ತ ಕೂತಿದ್ದೆ. ಸುನಂದಾ ಬಂದು ಎದುರಿಗೆ ನೆಲದ ಮೇಲೆ ಕೂತಳು.

"ಅವ್ವಾ, ನನಗ ನ್ಯೂರೆಂಬರ್ಗ್‌ದಾಗ ಕೆಲಸ ಆಗೇತಿ."

"ಮತ್ತ ಇಲ್ಲೀದು?"

"ಇಲ್ಲಿ ಕಂಪನಿ ಅರ್ಧ ಮಂದಿನ ತೆಗ್ಯಾಕತ್ತೈತಿ. ಅದರಾಗ ನಾನೂ ಅದೀನಿ. ಆವತ್ತ ಶನಿವಾರ ಆಫೀಸಿಗೆ ಹೋಗಿರಲಿಲ್ಲವ್ವಾ, ನ್ಯೂರೆಂಬರ್ಗಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಆಗೋ ತನಕ ನಿನಗ ಹೇಳಬಾರದು ಅಂತ ಸುಮ್ನಿದ್ದೆ."

ಕೆಲಸ ಹೋದರೆ ಗ್ರೀನ್ ಕಾರ್ಡೂ ಹೋಗುತ್ತದೆ, ಗಂಟು ಕಟ್ಟಿ ಊರಿಗೆ ಬರಬೇಕು. ಅಷ್ಟು ನನಗೂ ಗೊತ್ತಿತ್ತು. ಹೊಸ ಕೆಲಸ ಸಿಕ್ಕಿದ್ದು ಅವಳ ಪುಣ್ಯ. ನಾನು ಕೇಳಿದ್ದು ಒಂದೇ. "ಹಂಗಾರ ಶಾಲಿ ಅಕ್ಕಾರಿಗೆ ಹೇಳೀರೇನು?"

ಸುನಂದಾ ಗಂಡನ ಕಡೆ ನೋಡಿದಳು. "ನೀವು ಹೇಳೀರಲ್ಲ?"

ಅವನು ಬೆನ್ನು ತಿರುಗಿಸಿ ಬೋಗುಣಿ ತಿಕ್ಕುತ್ತಿದ್ದ. ತಿಕ್ಕುತ್ತಲೇ ಇದ್ದ.

"ಮಾಂತೇಶಾ," ಅಂದೆ, "ಆವತ್ತ ಸಭಾದಾಗ ಎಲ್ಲಾರೂ ಹೊಳ್ಳಿ ನಮ್ಮನ್ನ್ಯಾಕ ನೋಡಿದ್ರು?"

ಆಗ ಬಾಯಿ ಬಿಟ್ಟ. ಹತ್ತಿರದ ಪಟ್ಟಣದ ದೊಡ್ಡ ಶಾಲೆಯವರು ಆ ಚಳಿಗಾಲದಲ್ಲೇ ಒಂದು ಮಾತು ಕೇಳಿದ್ದರಂತೆ: ನಿಮ್ಮ ಶಾಲೆಯನ್ನು ನಮ್ಮದರ ಜತೆ ಕೂಡಿಸಿ, ಒಂದನೇ ಎರಡನೇ ಇಯತ್ತೆ ನಿಮ್ಮ ಊರಲ್ಲೇ ಇರಲಿ, ಫ್ರಾವ್ ಹೈನ್‌ಳ ಕೆಲಸವೂ ಇರಲಿ, ದೊಡ್ಡ ಮಕ್ಕಳು ಮಾತ್ರ ಬಸ್ಸಿನಲ್ಲಿ ಬರಲಿ. ಈ ವಸಂತದೊಳಗೆ ಒಪ್ಪಿದರೆ ಉಂಟು, ಆಮೇಲೆ ಇಲ್ಲ. ಆ ಸಭೆ ಕೂಡಿದ್ದು ಅದಕ್ಕೆ. ಕೆಸ್ಲರ್ ಎದ್ದು ನಿಂತು, ನಮಗೆ ಮಗು ಸಿಕ್ಕಿದೆ, ಅಪ್ಪನೇ ಎದೆ ಮುಟ್ಟಿ ಹೇಳಿದ್ದಾನೆ, ನಮ್ಮ ಶಾಲೆ ನಮ್ಮದೇ ಇರಲಿ ಅಂದಿದ್ದ. ಬೇಡ ಅನ್ನುವುದಕ್ಕೆ ಎಲ್ಲರೂ ಕೈ ಎತ್ತಿದ್ದರು.

"ನೀ ಅಲ್ಲೇ ಕುಂತಿದ್ಯಲ್ಲೋ."

"ಕೈಯಾಗ ಕಾಗದ ಬಂದಿರಲಿಲ್ಲ ಅತ್ತಿ. ನ್ಯೂರೆಂಬರ್ಗದವರು ಇಲ್ಲ ಅಂದಿದ್ರ?"

"ಮೊದಲ ಮನೀಗೆ ಬಂದಾಗ ಹೇಳಬೇಕಿತ್ತು. ನಮ್ಮ ಭರವಸಿ ಇಲ್ಲ, ಲೆಕ್ಕಕ್ಕ ಹಿಡೀಬ್ಯಾಡ್ರಿ ಅಂತ."

"ಮನೀತನಕ ಬಂದು ಚಾ ಕುಡಿದವರಿಗೆ ಇಲ್ಲ ಅಂತ ಹ್ಯಾಂಗ ಅನ್ನೂದು?"

"ಇಲ್ಲ ಅಂತನ ಅನ್ನೂದು."

ಅವನನ್ನು ಬೈದೆ, ಆದರೆ ಅವನು ಎಲ್ಲಿಂದ ಕಲಿತ ಅಂತ ನನಗೆ ಗೊತ್ತು. ನಮ್ಮ ಕಡೆ ಯಾರೂ ಮುಖದ ಮೇಲೆ ಇಲ್ಲ ಅನ್ನುವುದಿಲ್ಲ. ಮದುವೆಗೆ ಬನ್ನಿ ಅಂದರೆ ಆತು ತಗೋರಿ. ಹೆಣ್ಣು ಕೊಡಿ ಅಂದರೆ ಆತು, ನೋಡೋಣು ತಗೋರಿ. ಎದ್ದು ಹೋಗುವವರ ಕೈಯಲ್ಲಿ ಎಲೆ ಅಡಿಕೆ ಇಟ್ಟ ಹಾಗೆ ಒಂದು ಹೌದು ಇಡುತ್ತೇವೆ. ತೆಗೆದುಕೊಂಡವರೂ ಅದನ್ನು ನಂಬುವುದಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಕೇಳುತ್ತಾರೆ, ಮೂರನೇ ಸಲ ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಈ ಜನ ಎರಡು ಸಲ ಕೇಳಿದ್ದೇ ದೊಡ್ಡದು. ಕೇಳಿ, ನಂಬಿ, ಮನೆಗೆ ಹೋಗಿ, ಅದರ ಮೇಲೆ ಮಾಡು ಹೊದಿಸಿದರು.

ಇನ್ನು ಒಂದು ಮಾತು. ನನ್ನ ಓದು ನಾಲ್ಕನೇ ಇಯತ್ತೆಗೆ ನಿಂತದ್ದು ಬುದ್ಧಿ ಇಲ್ಲದ್ದಕ್ಕಲ್ಲ. ಐದನೆಯದು ಹಳ್ಳದ ಆಚೆಯ ಊರಲ್ಲಿತ್ತು. ಶಾಲೆ ಒಂದು ಊರು ದೂರ ಸರಿದರೆ ಯಾರ್ಯಾರು ಮನೆಯಲ್ಲಿ ಉಳಿಯುತ್ತಾರೆ ಅನ್ನುವುದನ್ನು ನನಗೆ ಯಾವ ಶೂಲಾಮ್ಟ್‌ನವರೂ ಕಲಿಸಬೇಕಾಗಿಲ್ಲ.

ಮಹಾಂತೇಶ "ನಾಳೆ ಹೇಳ್ತೀನಿ" ಅಂದ. ಮರುದಿನ ಬೆಳಿಗ್ಗೆ ತಲೆ ಸಿಡಿಯುತ್ತದೆ ಅಂದ. ನಾನು ಮುಕ್ತಾಳ ಕೈ ಹಿಡಿದುಕೊಂಡು ಶಾಲೆಗೆ ಹೋದೆ. ದಾರಿಯಲ್ಲಿ ಅವಳಿಗೆ ಹೇಳಿಕೊಟ್ಟೆ: "ಅಕ್ಕಾರಿಗೆ ಹೇಳು, ನಾವು ಊರ್ ಬಿಟ್ಟು ಹೋಗಾಕತ್ತೀವಿ, ನನ್ನ ಹೆಸರು ಹಿಡೀಬ್ಯಾಡ್ರಿ ಅಂತ."

"ವಾರೂಮ್, ಆಯಿ?"

"ಅವ್ವನ ಕೆಲಸ ಅಲ್ಲೈತಿ ಅಂತ."

ಅವಳು ಮತ್ತೆ ಏನೂ ಕೇಳಲಿಲ್ಲ. ಆಗಲೇ ನನಗೆ ಗುಮಾನಿ ಬರಬೇಕಿತ್ತು.

ಮೇಣದ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಪಾಠ ಇನ್ನೂ ಶುರುವಾಗಿರಲಿಲ್ಲ. ಫ್ರಾವ್ ಲೋರೆನ್ಸ್ ಹಲಗೆ ಒರೆಸುತ್ತಿದ್ದರು. ನಾನು ನಮಸ್ಕಾರ ಮಾಡಿ, ನನ್ನ ಮಾತಿನಲ್ಲಿ ಹೇಳುವುದನ್ನು ಹೇಳಿ, ಮುಕ್ತಾಳ ಬೆನ್ನು ಮುಂದಕ್ಕೆ ತಳ್ಳಿದೆ. ಅವಳು ಅಕ್ಕಾರ ಮುಖ ನೋಡಿ ಜರ್ಮನ್‌ನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅಕ್ಕಾರ ಮುಖ ಅರಳಿತು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದು "ಯಾ, ಗೆರ್ನೆ, ಗೆರ್ನೆ" ಅಂದರು, ಖುಷಿಯಿಂದ ಅಂತ ಅರ್ಥವಂತೆ.

ನನಗೆ ಭಾಷೆ ಬರದಿದ್ದರೇನು. ಇಂಥ ಸುದ್ದಿ ಕೇಳಿದವರು ಹೀಗೆ ನಗುವುದಿಲ್ಲ.

"ಏನ್ ಹೇಳ್ದಿ?" ಅಂತ ಮುಕ್ತಾಳ ರಟ್ಟೆ ಹಿಡಿದೆ. ಅವಳು ಕಾಲುಂಗುಟ ನೋಡುತ್ತ ನಿಂತಳು. "ಏನ್ ಹೇಳ್ದಿ, ಬೊಗಳು."

"ನಮ್ಮ ಆಯಿ ನಿಮ್ಮನ್ನ ಚಾಕ್ಕ ಕರಿಯಾಕ ಬಂದಾಳ ಅಂದೆ."

ಹೊಡೆಯಲು ಕೈ ಎದ್ದಿತ್ತು. ಇಳಿಸಿದೆ. ಅಪ್ಪ ಮಾಡಿದ್ದನ್ನೇ ಮಗಳು ಮಾಡಿದ್ದಳು. ಅವನು ಮರ್ಯಾದೆಗೆ ಹೇಳಿದ, ಇವಳು ಆಸೆಗೆ. ನಾನು ಅಕ್ಕಾರ ಕಡೆ ತಿರುಗಿದೆ. ವಾರೂಮ್ ಬಿಟ್ಟರೆ ಅವರ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ಎರಡು ಮಾತು. ಶಾಲೆಗೆ ಅವರೂ ಶೂಲೆ ಅನ್ನುತ್ತಾರೆ. ಇಲ್ಲ ಅನ್ನುವುದಕ್ಕೆ ನೈನ್. ಊರಿನ ಹೆಸರು ಯಾವ ಭಾಷೆಯಲ್ಲಿ ಹೇಳಿದರೂ ಅದೇ. ಮಗುವಿನ ತಲೆಯ ಮೇಲೆ ಕೈ ಇಟ್ಟು ಹೇಳಿದೆ. "ಮುಕ್ತಾ, ನ್ಯೂರೆಂಬರ್ಗ್. ಶೂಲೆ, ನೈನ್."

ಅಕ್ಕಾರು ನಗುತ್ತಲೇ ಇದ್ದರು, ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹತ್ತಿರದಲ್ಲಿದ್ದ ಮಕ್ಕಳ ಚಿಕ್ಕ ಕುರ್ಚಿಯ ಮೇಲೆ ಕೂತರು. ಮೊಣಕಾಲು ಎದೆಯ ಮಟ್ಟಕ್ಕೆ ಬಂದವು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಮುಕ್ತಾಳನ್ನು ಏನೋ ಕೇಳಿದರು. ಈ ಸಲ ಅವಳು ನಿಜ ಹೇಳಿದಳು ಅಂತ ಕಾಣುತ್ತದೆ. ಹೇಳುತ್ತ ಹೇಳುತ್ತ ಅತ್ತಳು.

ತಡವಾಗಿತ್ತು. ಸಭೆಯ ಮರುದಿನವೇ ಪಟ್ಟಣಕ್ಕೆ ಬೇಡ ಅಂತ ತಿಳಿಸಿಬಿಟ್ಟಿದ್ದರು. ಕೆಸ್ಲರ್ ಯಾರದೋ ಮಾಡಿನಿಂದ ಇಳಿದು ಹಾಗೇ ಬಂದ, ಫೋನು ಹಚ್ಚಿದ, ಇನ್ನೊಂದು ಹಚ್ಚಿದ. ಪಟ್ಟಣದವರು ತಮ್ಮ ಲೆಕ್ಕ ಮುಗಿಸಿದ್ದರು, ಜಿಲ್ಲೆಯವರು ಬಸ್ಸಿನ ದಾರಿ ಗುರುತಿಸುತ್ತಿದ್ದರು.

ಆಮೇಲಿನ ದಿನಗಳಲ್ಲಿ ಫ್ರಾವ್ ಲೋರೆನ್ಸ್ ಶಾಲೆ ಬಿಟ್ಟ ಮೇಲೆ ಸೈಕಲ್ ಹತ್ತಿ ಸುತ್ತಲಿನ ಹಳ್ಳಿಗಳನ್ನು ತಿರುಗಿದಳು. ನಮ್ಮಲ್ಲಿ ಹೆಣ್ಣು ಹುಡುಕಲು ತಿರುಗುವ ಹಾಗೆ ಆ ಮುದುಕಿ ಒಂದು ಮಗು ಹುಡುಕುತ್ತ ತಿರುಗಿದಳು. ಸಿಗಲಿಲ್ಲ. ಇದ್ದವರು ಆಗಲೇ ಬೇರೆ ಕಡೆ ಹೆಸರು ಹಚ್ಚಿದ್ದರು.

ಮಹಾಂತೇಶನಿಗೆ ಒಂದು ಉಪಾಯ ಹೊಳೆಯಿತು. ಒಳ್ಳೆಯ ಮನಸ್ಸಿನಿಂದಲೇ ಹೊಳೆದದ್ದು. ನನ್ನನ್ನೂ ಮುಕ್ತಾಳನ್ನೂ ಕರೆದುಕೊಂಡು ಅಕ್ಕಾರ ಹತ್ತಿರ ಹೋಗಿ, "ನಾವು ಹೋದರೂ ಮುಕ್ತಾಳ ಹೆಸರು ಹಾಜರಿಯಲ್ಲಿ ಇರಲಿ, ಯಾರು ಬಂದು ಎಣಿಸುತ್ತಾರೆ?" ಅಂದ. ನಮ್ಮೂರಲ್ಲಿ ಮಾಸ್ತರರ ಹುದ್ದೆ ಉಳಿಸಲು ಹೀಗೆ ಮಾಡುತ್ತಾರೆ. ದುಡಿಯಲು ಗೋವಾಕ್ಕೆ ಹೋದ ಮಕ್ಕಳು ಶಾಲೆಯಲ್ಲಿ ದಿನಾಲೂ ಹಾಜರಿರುತ್ತಾರೆ. ಅಕ್ಕಾರಿಗೆ ಮೊದಲು ತಿಳಿಯಲೇ ಇಲ್ಲ. ಅವನು ಮತ್ತೆ ಬಿಡಿಸಿ ಹೇಳಿದ. ಅವರು ಸಿಟ್ಟಾಗಲಿಲ್ಲ. ಏನೋ ಹೇಳಿದರು, ಬಾಗಿಲವರೆಗೆ ಬಂದು ಕಳಿಸಿದರು.

"ಏನಂದ್ರು?" ಅಂದೆ ಹೊರಗೆ ಬಂದು.

ಅವನು ಮುಂದೆ ನಡೆದ. ಮುಕ್ತಾ ಹೇಳಿದಳು: "ಹೆಸರನ್ನ ನಾನು ಕುರ್ಚಿ ಮ್ಯಾಲೆ ಹ್ಯಾಂಗ ಕುಂಡ್ರಸಲಿ ಅಂದ್ರು."

ಮೇ ಮುಗಿಯುವ ಹೊತ್ತಿಗೆ ಶಾಲೆಯ ಬಾಗಿಲಿಗೆ ಕಾಗದ ಅಂಟಿತು. ಯಾರೂ ಗಲಾಟೆ ಮಾಡಲಿಲ್ಲ. ಯಾರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಸ್‌ಸ್ಟಾಪಿನಲ್ಲಿ ಒಂದು ದಿನ ಫ್ರಾವ್ ಹೈನ್ ಎದುರಾದಳು. ಪಟ್ಟಣದಲ್ಲಿ ಯಾವುದೋ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಕೇಳಲು ಹೊರಟಿದ್ದಳು. ಮಹಾಂತೇಶನ ಎದುರು ನಿಂತು ಒಂದೇ ಮಾತು ಕೇಳಿದಳು. ಅದು ನನಗೂ ಬರುತ್ತಿದ್ದ ಮಾತು. "ವಾರೂಮ್?"

ಬಸ್ಸು ಬಂತು, ಅವಳು ಹತ್ತಿದಳು. ಆವತ್ತಿನಿಂದ ಮಹಾಂತೇಶ ಬಟಾಟೆ ಸುಲಿಯಲು ಹೋಗಲಿಲ್ಲ.

ಆ ಸೀಮೆಯಲ್ಲಿ ಬಾಲವಾಡಿ ಬಿಟ್ಟು ಶಾಲೆಗೆ ಹೋಗುವ ಮಕ್ಕಳಿಗೆ ಒಂದು ಹಬ್ಬ ಮಾಡುತ್ತಾರೆ. ಅಂಗಳದ ಒಂದು ಗಿಡಕ್ಕೆ ಮಕ್ಕಳು ವಾರಗಟ್ಟಲೆ ನೀರು ಹಾಕುತ್ತಾರೆ. ನೀರು ಚೆನ್ನಾಗಿ ಹಾಕಿದರೆ ಗಿಡದಲ್ಲಿ ಮಿಠಾಯಿ ತುಂಬಿದ ಕಾಗದದ ಸುರುಳಿ ಬಿಡುತ್ತದಂತೆ, ಜಾತ್ರೆಯ ತುತ್ತೂರಿಯ ಆಕಾರದ್ದು. ಹಿರಿಯರು ಕದ್ದು ಕಟ್ಟುತ್ತಾರೆ. ಮುಕ್ತಾ ಏಪ್ರಿಲ್‌ನಿಂದ ನೀರು ಹಾಕುತ್ತಿದ್ದಳು, ಅಕ್ಕಾರೆದುರು ಅತ್ತ ಆ ಬೆಳಿಗ್ಗೆಯ ಮೇಲೆ ಬಿಟ್ಟಿದ್ದಳು. ಆದರೂ ಹಬ್ಬದ ದಿನ ಅವಳ ಹೆಸರಿನ ಸುರುಳಿ ಗಿಡದಲ್ಲಿತ್ತು, ನೀಲಿಯದು. ಎಲ್ಲ ಮಕ್ಕಳೂ ಓಡಿ ಕಿತ್ತುಕೊಂಡರು. ಅವಳು ನನ್ನ ಸೀರೆ ಹಿಡಿದು ನಿಂತಳು.

"ಹೋಗ, ತಗೋ."

"ನಾ ನೀರ್ ಹಾಕಿಲ್ಲ ಆಯಿ."

ಕೊನೆಗೆ ಫ್ರಾವ್ ಲೋರೆನ್ಸ್ ತಾವೇ ಕೊಯ್ದು ತಂದು ಕೊಟ್ಟರು. ತೆಗೆದುಕೊಂಡಳು. ನ್ಯೂರೆಂಬರ್ಗಿಗೆ ಹೋದ ಮೇಲೂ ಬಿಚ್ಚಲಿಲ್ಲವಂತೆ. ಚಾಕೊಲೇಟು ಕರಗಿ ಇರುವೆ ಬಂದಾಗ ಸುನಂದಾ ಎಸೆದಳಂತೆ.

ನಾನು ಊರಿಗೆ ಹೊರಡುವ ಹಿಂದಿನ ವಾರ ಶಾಲೆ ಖಾಲಿ ಮಾಡಿದರು. ಬೆಂಚು, ಹಲಗೆ, ಕಪಾಟು ಎಲ್ಲ ಪಟ್ಟಣಕ್ಕೆ. ಮೂರೂ ಊರಿನ ಗಂಡಸರು ಬಂದಿದ್ದರು. ಮಹಾಂತೇಶನನ್ನು ಯಾರೂ ಕರೆದಿರಲಿಲ್ಲ. ಅವನು ಬೆಳಿಗ್ಗೆ ಎದ್ದು ಹಳೆಯ ಪ್ಯಾಂಟು ಹಾಕಿಕೊಂಡು ಹೋದ. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಸಾಲಿನಲ್ಲಿ ನಿಂತು ಬೆಂಚಿನ ಒಂದು ತುದಿ ಹಿಡಿದ. ಇನ್ನೊಂದು ತುದಿಗೆ ಯಾರೋ ಬಂದರು. ಹಾಗೆ ದಿನವೆಲ್ಲ ಹೊತ್ತ. ನಾನು ಮುಕ್ತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಬಿಸಿಲು ಚುರುಕಾಗಿತ್ತು, ಹಳದಿ ಹೂವೆಲ್ಲ ಉದುರಿ ಹೊಲ ಕಾಯಿಗಟ್ಟಿತ್ತು.

ಕಡೆಯದಾಗಿ ಒಂದು ದೊಡ್ಡ ಕಪಾಟು. ಕೆಸ್ಲರ್ ಮುಂದೆ, ಮಹಾಂತೇಶ ಹಿಂದೆ, ಆ ಜಾರುವ ಮೆಟ್ಟಿಲನ್ನು ಒಂದೊಂದೇ ಇಳಿದು ಬಂದು ಲಾರಿಯ ಹತ್ತಿರ ಇಟ್ಟರು. ಕೆಸ್ಲರ್ ಬೆವರು ಒರೆಸಿಕೊಂಡ. ನೀರಿನ ಬಾಟಲಿ ಮೊದಲು ತಾನು ಕುಡಿದು, ಇವನಿಗೆ ಕೊಟ್ಟ. ಆಮೇಲೆ ಏನೋ ಕೇಳಿದ.

"ಏನಂತವ್ವಾ?" ಅಂದೆ ಮುಕ್ತಾಗೆ.

"ಸೂಟೀಗೆ ಯಾವಾಗರ ನಮ್ಮನ್ನ ನೋಡಾಕ ಬರ್ತೀರಿ ಹೌದಲ್ಲೋ ಅಂತ ಕೇಳಾಕತ್ತಾರ."

ಇದಕ್ಕೆ ಏನು ಹೇಳಬೇಕು ಅನ್ನುವುದು ಎಲ್ಲ ದೇಶದಲ್ಲೂ ಒಂದೇ. ಕೇಳುವವನಿಗೂ ಅದು ಗೊತ್ತಿರುತ್ತದೆ. ಮಹಾಂತೇಶ ಬಾಟಲಿಯ ಮುಚ್ಚಳ ತಿರುವಿದ. ಕಪಾಟಿನ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು, ಅದನ್ನು ಅಂಗೈಯಿಂದ ಒತ್ತಿ ಹಿಡಿದ. ಕೆಸ್ಲರ್‌ನ ಮುಖ ನೋಡಿದ, ಇಷ್ಟು ದಿನದಲ್ಲಿ ಮೊದಲ ಸಲ.

"ನೈನ್," ಅಂದ.

ಕೆಸ್ಲರ್ ಗೋಣು ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಮಹಾಂತೇಶ ಕೈ ಕೊಟ್ಟ.

ಆ ಒಂದು ಸಲ ಅವನು ಹೌದು ಅಂದಿದ್ದರೆ ಯಾರಿಗೂ ಏನೂ ಕೆಡುತ್ತಿರಲಿಲ್ಲ.